ಬೆರಳು ಬಿಟ್ಟ ಕೈಗವಸು

ಮದುವೆಯ ದಿನ ದಾಕ್ಷಾಯಣಮ್ಮ ತಲೆ ಎತ್ತಿ ಗಂಡನ ಮುಖ ನೋಡಲಿಲ್ಲ; ನೋಡಿದ್ದು ಅವನ ಕೈಗಳನ್ನು. ಹೆಣ್ಣು ನೋಡಲು ಬಂದಾಗಲೂ ಅಷ್ಟೆ, ಕಾಫಿ ಲೋಟ ತೆಗೆದುಕೊಂಡ ಬೆರಳುಗಳು ಮಾತ್ರ ಅವಳ ಕಣ್ಣಿಗೆ ಬಿದ್ದಿದ್ದವು. ಉದ್ದನೆಯ, ತೆಳ್ಳಗಿನ ಬೆರಳುಗಳು. ಎಷ್ಟು ಉಜ್ಜಿದರೂ ಹೋಗದ ಕಪ್ಪು ಮಸಿ ಉಗುರಿನ ಸಂದಿಯಲ್ಲಿ. ಹಿರೇನಲ್ಲೂರಿನ ಅವಳ ತವರಿನಲ್ಲಿ ಗಂಡಸರ ಕೈಯೆಂದರೆ ಕುಂಟೆ ನೇಗಿಲು ಹಿಡಿದು ದಡ್ಡುಗಟ್ಟಿದ ಕೈ. ಇಂಥದ್ದನ್ನು ಅವಳು ಕಂಡಿರಲೇ ಇಲ್ಲ.

ಗಂಡ ಸೋಮಶೇಖರಪ್ಪ ತರೀಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಕೃಷ್ಣಸ್ವಾಮಿಯವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದ. ಮದುವೆ ಕಾಗದ, ಟೆಂಟ್ ಸಿನಿಮಾದ ಹ್ಯಾಂಡ್‌ಬಿಲ್ಲು, ಸೊಸೈಟಿಯ ರಸೀತಿ ಪುಸ್ತಕ, ಮಠದ ಕರಪತ್ರ, ಎಲ್ಲವೂ ಅವನ ಕೈ ದಾಟಿಯೇ ಟ್ರೆಡಲ್ ಮೆಷಿನ್ನಿಗೆ ಹೋಗಬೇಕಿತ್ತು. ಮದುವೆಯಾದ ಹೊಸದರಲ್ಲಿ, ಅರವತ್ತೊಂಬತ್ತರಲ್ಲಿ, ಒಂದು ದಿನ ಅವಳು ಬುತ್ತಿ ಕೊಡಲು ಹೋಗಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಎದುರಿಗೆ ಓರೆಯಾಗಿ ನಿಲ್ಲಿಸಿದ ಮರದ ಕೇಸು, ಅದರ ನೂರಾರು ಗೂಡುಗಳಲ್ಲಿ ಸೀಸದ ಅಕ್ಷರಗಳು. ಸೋಮಶೇಖರಪ್ಪ ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಕಾಗದದ ಮೇಲೆ, ಬೆರಳು ಗೂಡಿನೊಳಗೆ. ಪ್ರತಿ ಮೊಳೆಯ ಪಕ್ಕದಲ್ಲೂ ಒಂದು ಸಣ್ಣ ಗೀರಿರುತ್ತದೆ. ಅದನ್ನು ಬೆರಳ ತುದಿಯಲ್ಲಿ ಮುಟ್ಟಿಯೇ ಅಕ್ಷರ ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ತಿಳಿಯುತ್ತಿದ್ದ. ಅಕ್ಕಿ ಆರಿಸುವ ಹೆಂಗಸರ ಕೈಯೂ ಅಷ್ಟು ಚುರುಕಾಗಿ ಆಡುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

ಎಪ್ಪತ್ತಮೂರರ ಚಳಿಗಾಲದಲ್ಲಿ ಆ ಕೈ ಮೊದಲ ಸಲ ಮುನಿಸಿಕೊಂಡಿತು. ಬೆಳಿಗ್ಗೆ ತಣ್ಣೀರು ಮುಟ್ಟಿದರೆ ಸಾಕು, ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿದ್ದವು. ಆಮೇಲೆ ನೀಲಿ. ರಕ್ತ ಮರಳುವಾಗ ಉರಿ. ಸೀಸದ ಮೊಳೆಗಳಂತೂ ಮಾರ್ಗಶಿರದ ಬೆಳಗಿನಲ್ಲಿ ಮಂಜುಗಡ್ಡೆ. ಬೆರಳಿಗೆ ಗೀರು ತಿಳಿಯದೆ ಅಕ್ಷರಗಳು ತಲೆಕೆಳಗಾಗಿ ಕೂತವು, ಜೋಡಿಸಿದ ಸಾಲು ಕೈಜಾರಿ ನೆಲದ ಮೇಲೆ ಚೆಲ್ಲಿತು. ಕೃಷ್ಣಸ್ವಾಮಿಯವರು ಒರಟು ಮನುಷ್ಯರಲ್ಲ. ಆದರೂ ಒಂದು ಮದುವೆ ಕಾಗದದಲ್ಲಿ ವರನ ಹೆಸರೇ ತಪ್ಪಾಗಿ ಅಚ್ಚಾದ ದಿನ, "ಏನು ಸೋಮಶೇಖರಪ್ಪನೋರೆ, ಕೈ ಯಾಕೆ ಹೀಗೆ ಮಾಡ್ತಿದೆ?" ಎಂದು ಕೇಳಿದರು. ಅವನು ಬೆರಳಿಗೆ ಸುತ್ತಿದ್ದ ಬಟ್ಟೆಯ ಚೂರನ್ನು ತೋರಿಸಿ, "ಹಿತ್ತಾಳೆ ಪಟ್ಟಿ ತಾಗಿ ಗಾಯ ಆಗಿದೆ ಸ್ವಾಮಿ" ಎಂದ. ಸಾಲುಗಳ ನಡುವೆ ಕೂರಿಸುವ ಆ ಪಟ್ಟಿಯ ಅಂಚು ಚೂಪು; ಮನೆಯಲ್ಲೂ ಹಾಗೇ ಹೇಳಿದ್ದ. ಆ ಬಟ್ಟೆಯ ಚೂರು ಒಮ್ಮೆ ಈ ಬೆರಳಿಗೆ, ಒಮ್ಮೆ ಆ ಬೆರಳಿಗೆ, ಆ ವರ್ಷವೆಲ್ಲ ಇತ್ತು. ಪ್ರೆಸ್ಸಿನ ಕೆಲಸವೆಂದ ಮೇಲೆ ತರಚುವುದು ಇದ್ದೇ ಇರುತ್ತದೆಂದು ದಾಕ್ಷಾಯಣಮ್ಮ ಹೆಚ್ಚು ಕೇಳಲಿಲ್ಲ.

ಊರಿನ ಡಾಕ್ಟರು ಕೈ ಬೆಚ್ಚಗಿಟ್ಟುಕೊಳ್ಳಿ ಎಂದರು. ಪೇಟೆಯಿಂದ ಒಂದು ಜೊತೆ ಗ್ಲೌಸು ತಂದದ್ದಾಯಿತು. ಬೆರಳೆಲ್ಲ ಮುಚ್ಚಿದರೆ ಮೊಳೆಯ ಗೀರು ತಿಳಿಯುವುದು ಹೇಗೆ? ದಾಕ್ಷಾಯಣಮ್ಮ ಕತ್ತರಿ ತೆಗೆದು ಅದರ ಬೆರಳ ತುದಿಗಳನ್ನು ಕತ್ತರಿಸಿಕೊಟ್ಟಳು. ಎರಡೇ ದಿನಕ್ಕೆ ಎಳೆ ಬಿಚ್ಚುತ್ತ ಬಿಚ್ಚುತ್ತ ಅಂಗೈವರೆಗೂ ಬಂತು.

"ಬೆರಳು ಕತ್ತರಿಸಿದ್ದು ಬೇರೆ, ಬೆರಳು ಬಿಟ್ಟೇ ಹೆಣೆದದ್ದು ಬೇರೆ ಕಣಮ್ಮ," ಎಂದರು ಸೀತಾದೇವಮ್ಮ. ಅವರು ಮಹಿಳಾ ಸಮಾಜದಲ್ಲಿ ಹೊಲಿಗೆ, ಹೆಣಿಗೆ ಹೇಳಿಕೊಡುತ್ತಿದ್ದ ವಿಧವೆ, ಎರಡು ಬೀದಿ ಆಚೆಯ ಮನೆ. "ನಾನೇ ಒಂದು ಜೊತೆ ಹಾಕಿಕೊಡಬಹುದು. ಆದರೆ ಸವೆದಾಗಲೆಲ್ಲ ನನ್ನ ಹತ್ತಿರ ಬರ್ತೀಯಾ? ನೀನೇ ಕಲಿ."

ಕಡ್ಡಿಗಳನ್ನು ಸೋಮಶೇಖರಪ್ಪನೇ ತಂದ. ಸೈಕಲ್ ಶಾಪಿನ ಹಳೆಯ ಸ್ಪೋಕುಗಳನ್ನು ಕತ್ತರಿಸಿ, ಕಲ್ಲಿನ ಮೇಲೆ ಉಜ್ಜಿ ತುದಿ ನುಣುಪು ಮಾಡಿದ್ದ. ಸೀತಾದೇವಮ್ಮ ಮೊದಲ ಹದಿನೈದು ದಿನ ಉಣ್ಣೆಯನ್ನು ಮುಟ್ಟಿಸಲೇ ಇಲ್ಲ. ಗೋಣಿದಾರದಲ್ಲಿ ಕುಣಿಕೆ ಹಾಕು, ಬಿಚ್ಚು, ಮತ್ತೆ ಹಾಕು. ಸೀದಾ ಸಾಲು ಒಂದು, ಉಲ್ಟಾ ಸಾಲು ಒಂದು. ದಾಕ್ಷಾಯಣಮ್ಮನ ಕೈ ಬಿಗಿ. ಕುಣಿಕೆಗಳು ಕಡ್ಡಿಯ ಮೇಲೆ ಕದಲದಂತೆ ಕಚ್ಚಿಕೊಳ್ಳುತ್ತಿದ್ದವು.

"ಯಾರ ಮೇಲಮ್ಮ ಸಿಟ್ಟು? ದಾರದ ಕತ್ತು ಹಿಸುಕ್ತಾ ಇದೀಯಲ್ಲ."

"ಸಡಿಲ ಬಿಟ್ರೆ ಬಿದ್ದೋಗ್ತವೆ ಅಂತ ಹೆದರಿಕೆ ಆಗುತ್ತೆ ಸೀತಾದೇವಮ್ಮನೋರೆ."

"ಬೀಳಲಿ. ಬಿದ್ದದ್ದನ್ನ ಎತ್ತೋದೂ ಕಲೀಬೇಕು."

ಅಂಗಡಿಯ ಉಲ್ಲನ್ ದಾರ ನೋಡಲು ಚಂದ. ಆದರೆ ಅದರಲ್ಲಿ ನೈಲಾನೇ ಹೆಚ್ಚು, ಕೈಗೆ ಕಾವು ಹತ್ತುವುದಿಲ್ಲ. ಕುರಿಯ ಉಣ್ಣೆಯದೇ ಬೇಕೆಂದು ಸೀತಾದೇವಮ್ಮ ಹೇಳಿದ್ದರಿಂದ ಅವಳು ಅಜ್ಜಂಪುರದ ಸಂತೆಗೆ ಹೋದಳು. ಕಂಬಳಿ ಮಾರುವವರ ಸಾಲಿನ ಕೊನೆಯಲ್ಲಿ ದುರ್ಗಮ್ಮ ಎಂಬ ಕುರುಬರ ಹೆಂಗಸು ಕೂತಿದ್ದಳು. ವಯಸ್ಸು ಐವತ್ತರ ಮೇಲೆ. ಅವಳ ಮೈದುನನ ಕುರಿಮಂದೆ ಎಮ್ಮೆದೊಡ್ಡಿಯ ಕಡೆ ಮೇಯುತ್ತಿತ್ತು. ಉಣ್ಣೆ ಹಿಂಜಿ ರಾಟೆಯಲ್ಲಿ ನೂಲುವುದು ಅವಳ ಕೆಲಸ.

"ಕಂಬಳಿ ಬ್ಯಾಡ್ವಾ? ಬರೀ ನೂಲಾ?" ದುರ್ಗಮ್ಮನಿಗೆ ಆಶ್ಚರ್ಯ. ಸಂಗತಿ ಕೇಳಿದ ಮೇಲೆ ಚೀಲದೊಳಗೆ ಕೈಹಾಕಿ ಎರಡು ಉಂಡೆ ಕರಿ ನೂಲು ತೆಗೆದುಕೊಟ್ಟಳು. ಕಂಬಳಿಗೆಂದು ನೂತದ್ದು, ಗಂಟು ಗಂಟು, ಒರಟು, ಕುರಿಯ ವಾಸನೆ ಇನ್ನೂ ಹೋಗಿರಲಿಲ್ಲ.

ಮೊದಲ ಜೊತೆಯನ್ನು ದಾಕ್ಷಾಯಣಮ್ಮ ಎಪ್ಪತ್ತನಾಲ್ಕರ ಕಾರ್ತಿಕದಲ್ಲಿ ಮುಗಿಸಿದಳು. ಅವಳಿಗೆ ಬರುತ್ತಿದ್ದದ್ದು ಚೌಕವಾಗಿ ಹೆಣೆಯುವುದಷ್ಟೆ. ಹಾಗಾಗಿ ಎರಡು ಚೌಕ ಹೆಣೆದು, ಮಡಿಚಿ, ಅಂಚು ಕೂಡಿಸಿ ಹೊಲಿದು, ಹೆಬ್ಬೆರಳಿಗೆ ಒಂದಿಷ್ಟು ಸಂದಿ ಬಿಟ್ಟಿದ್ದಳು. ಒಂದು ಕೈಯದು ಅಗಲ, ಇನ್ನೊಂದು ಕೈಯದು ಗಿಡ್ಡ. ಸೋಮಶೇಖರಪ್ಪ ಹಾಕಿಕೊಂಡು ಕೈ ಮುಂದೆ ಚಾಚಿ, ಹಿಂದೆ ತಿರುಗಿಸಿ ನೋಡಿದ.

"ಹೆಂಗಿದೆ?"

"ಟಗರಿನ ಥರ ವಾಸನೆ ಬರ್ತದೆ," ಎಂದು ನಕ್ಕ. "ಆದ್ರೆ ಬೆಚ್ಚಗಿದೆ ಕಣೇ. ನಿಜವಾಗ್ಲೂ ಬೆಚ್ಚಗಿದೆ."

ಅವನು ಆ ಚಳಿಗಾಲವೆಲ್ಲ ಅದನ್ನು ಕಳಚಲಿಲ್ಲ. ಪ್ರೆಸ್ಸಿಗೆ ಬಂದವರಿಗೆಲ್ಲ ನನ್ನ ಮನೆಯವಳು ಹೆಣೆದದ್ದು ಎಂದು ತೋರಿಸುತ್ತಿದ್ದನಂತೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನ ಅವ್ವ ಕರಿಬಸಮ್ಮ ಬಚ್ಚಲಲ್ಲಿ ನೀರು ಹಾಕಿಕೊಡುವಾಗ ನೋಡಿದಳು. ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ, ಸರಿಯಾಗಿ ಗವಸಿನ ಅಂಚು ಕೂರುವ ಕಡೆ, ಹುಣ್ಣು. ಬೆರಳೆಲ್ಲ ಬಾತು ಕಪ್ಪಾಗಿತ್ತು. ಎಷ್ಟು ದಿನದಿಂದ ಮುಚ್ಚಿಟ್ಟಿದ್ದನೋ. ಮಾರನೆಯ ದಿನವೇ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೀವು ಮೂಳೆಗೆ ಇಳಿದಿದೆ ಎಂದರು. ಬೆರಳನ್ನು ತೆಗೆದರು.

ಆಸ್ಪತ್ರೆಯಿಂದ ಬಂದ ದಿನ ಸೋಮಶೇಖರಪ್ಪ ಒಳಗೆ ಮಲಗಿದ್ದ. ಕರಿಬಸಮ್ಮ ಅಡಿಗೆಮನೆಯ ಹೊಸಿಲ ಮೇಲೆ ಕೂತು, ಸೊಸೆಯ ಮುಖ ನೋಡದೆ, ಮೆಲ್ಲಗೆ ಹೇಳಿದಳು:

"ನೀನು ಹೆಣೆದ ಆ ಕುರಿಕೂದ್ಲು ನನ್ನ ಮಗನ ಬೆರಳು ತಿಂತು ಕಣೇ."

ಕೂಗಾಡಿದ್ದರೆ ದಾಕ್ಷಾಯಣಮ್ಮ ತಡೆದುಕೊಳ್ಳುತ್ತಿದ್ದಳೇನೋ. ಅತ್ತೆ ಕೆಟ್ಟವಳಲ್ಲ, ಆರು ವರ್ಷ ಮಕ್ಕಳಾಗಲಿಲ್ಲವೆಂದು ಒಂದು ದಿನವೂ ಹಂಗಿಸಿದವಳಲ್ಲ. ಅಂಥವಳ ಬಾಯಿಂದ ಬಂದ ಮಾತಾದ್ದರಿಂದ ಅದು ನಿಜವೇ ಇರಬೇಕು ಎನ್ನಿಸಿತು. ಅವಳು ಎದ್ದು ಹೋಗಿ ಗವಸುಗಳನ್ನು ಒಲೆಗೆ ಹಾಕಿದಳು. ಉಣ್ಣೆ ಉರಿಯುವುದಿಲ್ಲ, ಕರಟುತ್ತದೆ. ಕೂದಲು ಸುಟ್ಟ ನಾತ ಎರಡು ದಿನ ಮನೆಯಲ್ಲಿ ನಿಂತಿತ್ತು.

ಸೋಮಶೇಖರಪ್ಪನಿಗೆ ಗೊತ್ತಾಗದೆ ಇರಲಿಲ್ಲ. ಸುಟ್ಟದ್ದನ್ನು ಅವನೇನೂ ಕೇಳಲಿಲ್ಲ. ಗಾಯ ಒಣಗುವ ಹೊತ್ತಿಗೆ ಒಂದು ದಿನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ: "ಇದು ಚರ್ಮ ಗಟ್ಟಿಯಾಗೋ ಕಾಯಿಲೆಯಂತೆ. ರಕ್ತದ ನಾಳ ಸಣ್ಣದಾಗ್ತಾ ಹೋಗ್ತವಂತೆ. ಹುಣ್ಣು ಅದರಿಂದ್ಲೇ ಆಗಿದ್ದು. ಡಾಕ್ಟ್ರೇ ಹೇಳಿದ್ರು ಕಣೇ. ನಿನ್ನ ಗವಸಿಂದಲ್ಲ."

"ನನ್ನ ಸಮಾಧಾನಕ್ಕೆ ಹೇಳ್ತೀರಿ."

"ಅಲ್ಲ ದಾಕ್ಷಾ. ಬೇಕಾದ್ರೆ ಕಾಗದದಲ್ಲಿ ಬರ್ದಿದಾರೆ, ಯಾರತ್ರನಾದ್ರೂ ಓದಿಸ್ಕೋ."

ಆ ಕಾಗದ ಇಂಗ್ಲಿಷಿನಲ್ಲಿತ್ತು. ಅವಳು ಅದನ್ನು ಮಡಿಚಿ ಟ್ರಂಕಿನ ತಳಕ್ಕೆ ಹಾಕಿದಳು. ಓದಿಸಲು ಜನ ಸಿಗದೆ ಅಲ್ಲ, ಓದಿಸಲು ಹೆದರಿಕೆ. ಹೆಂಡತಿ ಹೆಣೆದುಕೊಟ್ಟ ಒರಟು ಗವಸು ಉಜ್ಜಿ ಹುಣ್ಣಾಗಿದೆ ಎಂದು ಅದರಲ್ಲಿ ಬರೆದಿದ್ದರೆ?

ಸೋಮಶೇಖರಪ್ಪ ಒಂಬತ್ತು ಬೆರಳಿನೊಂದಿಗೆ ಮತ್ತೆ ಕೇಸಿನ ಮುಂದೆ ನಿಂತ. ತೋರುಬೆರಳಿನ ಕೆಲಸವನ್ನು ನಡುಬೆರಳಿಗೆ ಕಲಿಸಿದ. ಕೃಷ್ಣಸ್ವಾಮಿಯವರು ಮೂರು ತಿಂಗಳು ಕಾದರು, ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲಿಲ್ಲ. ಮುಂದಿನ ಚಳಿಗಾಲ ಹತ್ತಿರ ಬಂದಾಗ ಅವನು ಹೆಂಡತಿಗೆ, "ಇನ್ನೊಂದು ಜೊತೆ ಹಾಕ್ಕೊಡು" ಎಂದ.

ಅವಳು ಆಗುವುದಿಲ್ಲ ಎಂದಳು.

"ಡಾಕ್ಟ್ರೇ ಹೇಳಿದಾರೆ ಕಣೇ, ಉಣ್ಣೆದೇ ಹಾಕ್ಕೋಬೇಕು ಅಂತ."

"ಸುಳ್ಳು ಹೇಳಬೇಡಿ. ನನ್ನ ಕೈಲಿ ಆಗಲ್ಲ."

ಅವನು ಜಗಳವಾಡಲಿಲ್ಲ. ಹಳೆಯ ಪಂಚೆಯನ್ನು ಪಟ್ಟಿ ಪಟ್ಟಿ ಹರಿದು ಕೈಗೆ ಸುತ್ತಿಕೊಂಡು ಪ್ರೆಸ್ಸಿಗೆ ಹೋಗತೊಡಗಿದ. ಎಡಗೈಯಿಂದ ಬಲಗೈಗೆ, ಹಲ್ಲಿನಿಂದ ಗಂಟು ಬಿಗಿದು. ನಾಲ್ಕು ಬೆಳಿಗ್ಗೆ ಅದನ್ನು ನೋಡಿದ ಮೇಲೆ ಐದನೆಯ ಬೆಳಿಗ್ಗೆ ದಾಕ್ಷಾಯಣಮ್ಮ ಅಜ್ಜಂಪುರದ ಬಸ್ಸು ಹತ್ತಿದಳು.

ದುರ್ಗಮ್ಮ ಊರಂಚಿನ ಮನೆಯ ಜಗಲಿಯಲ್ಲಿ ರಾಟೆ ತಿರುಗಿಸುತ್ತ ಕೂತಿದ್ದಳು. "ಹ್ವಾದ ವರ್ಷದ ನೂಲು ಹೆಂಗಿತ್ತವ್ವ?" ಎಂದು ಕೇಳಿದಳು. ದಾಕ್ಷಾಯಣಮ್ಮ ಮುಚ್ಚಿಡದೆ ಹೇಳಿದಳು, ನೂಲು ಒರಟಾಯಿತು, ಹುಣ್ಣಾಯಿತು, ಬೆರಳು ಹೋಯಿತು. ರಾಟೆ ನಿಂತಿತು. ದುರ್ಗಮ್ಮ ಒಳಗೆ ಹೋಗಿ ಒಂದು ಬುಟ್ಟಿ ತಂದಳು. ಅದರಲ್ಲಿ ಮರಿಗಳ ಮೊದಲ ಸಲದ ಉಣ್ಣೆ, ಕತ್ತಿನ ಮತ್ತು ಹೆಗಲಿನ ಭಾಗದ್ದು, ಹತ್ತಿಯಷ್ಟು ಮೆತ್ತಗೆ.

"ಇದನ್ನ ನಾನು ನೂತು ಕೊಡಕ್ಕಿಲ್ಲ. ನಿನ್ನ ಕೈಯಾಗೇ ನೂಲು. ಎಷ್ಟು ಮೆತ್ತಗೆ ಬೇಕೋ ನಿನ್ನ ಬೆರಳಿಗೇ ಗೊತ್ತಾಗ್ತದೆ. ಇದಕ್ಕೆ ನಂಗೆ ದುಡ್ಡೂ ಬ್ಯಾಡ."

ಆಮೇಲಿನ ಎರಡು ವರ್ಷ ಅವಳು ವಾರಕ್ಕೊಮ್ಮೆಯಾದರೂ ಅಜ್ಜಂಪುರಕ್ಕೆ ಹೋದಳು. ಉಣ್ಣೆಯನ್ನು ಅಂಟುವಾಳದ ನೀರಿನಲ್ಲಿ ನೆನೆಸುವುದು, ಹಿಂಡದೆ ಒತ್ತಿ ನೀರಿಳಿಸುವುದು, ನೆರಳಿನಲ್ಲಿ ಒಣಗಿಸುವುದು, ಮುಳ್ಳು ಕಸ ಆರಿಸಿ ಎಳೆ ಎಳೆಯಾಗಿ ಹಿಂಜುವುದು. ರಾಟೆಯ ಮುಂದೆ ಕೂತರೆ ಎಳೆ ಒಮ್ಮೆ ಹಗ್ಗದಷ್ಟು ದಪ್ಪ, ಮರುಕ್ಷಣ ಕೂದಲಷ್ಟು ಸಣ್ಣ, ಪಟ್ಟನೆ ತುಂಡು. ದುರ್ಗಮ್ಮ ಬೈಯುತ್ತಿರಲಿಲ್ಲ. ತುಂಡಾದ ಎಳೆಯ ತುದಿಗಳನ್ನು ಒಂದರೊಳಗೊಂದು ಹರಡಿ, ಎಂಜಲು ಹಚ್ಚಿ ಹೊಸೆದು ಕೂಡಿಸಿ, "ನಡೀಲಿ" ಎನ್ನುವಳು. ಒಂಟಿ ಎಳೆ ತಿರುಚಿಕೊಳ್ಳುತ್ತದೆ. ಎರಡು ಎಳೆಗಳನ್ನು ಎದುರು ದಿಕ್ಕಿಗೆ ಹುರಿಗೊಳಿಸಿದರೆ ನೂಲು ನೆಟ್ಟಗೆ ನಿಲ್ಲುತ್ತದೆ, ಮೆತ್ತಗೂ ಆಗುತ್ತದೆ ಎಂದು ತಿಳಿಯುವುದಕ್ಕೆ ಒಂದು ಬೇಸಿಗೆ ಹಿಡಿಯಿತು.

ಇತ್ತ ಸೀತಾದೇವಮ್ಮನ ಹತ್ತಿರ ಎರಡು ಕಡ್ಡಿಯಿಂದ ನಾಲ್ಕು ಕಡ್ಡಿಗೆ ಬಡ್ತಿ. ಮೂರು ಕಡ್ಡಿಗಳ ಮೇಲೆ ಕುಣಿಕೆ ಹಂಚಿ, ನಾಲ್ಕನೆಯದರಲ್ಲಿ ಸುತ್ತ ಹೆಣೆಯುತ್ತ ಹೋದರೆ ಹೊಲಿಗೆಯೇ ಇಲ್ಲದ ಕೊಳವೆ ಬರುತ್ತದೆ. ದಾಕ್ಷಾಯಣಮ್ಮನಿಗೆ ಬೇಕಾಗಿದ್ದದ್ದು ಅದೇ, ಒಳಗೆ ಎಲ್ಲೂ ಉಜ್ಜುವ ಅಂಚಿರಬಾರದು. ಮಣಿಕಟ್ಟಿಗೆ ಎರಡು ಸೀದಾ ಎರಡು ಉಲ್ಟಾ ಹಾಕಿದರೆ ಹಿಗ್ಗಿ ಕುಗ್ಗುವ ಪಟ್ಟಿ. ಹೆಬ್ಬೆರಳಿನ ಜಾಗಕ್ಕೆ ಬಂದಾಗ ಹತ್ತು ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿ ಬಿಟ್ಟು, ಅಂಗೈ ಮುಗಿಸಿ, ಆಮೇಲೆ ಮರಳಿ ಅವನ್ನೆತ್ತಿಕೊಂಡು ಹೆಬ್ಬೆರಳು ಹೆಣೆಯಬೇಕು. ಆ ಮೂಲೆಯಲ್ಲಿ ಯಾವಾಗಲೂ ಒಂದು ತೂತು ಬೀಳುತ್ತಿತ್ತು. ಏಳು ಸಲ ಬಿಚ್ಚಿದಳು. ಎಂಟನೆಯ ಸಲ ಬೀಳಲಿಲ್ಲ.

ಮುಗಿಸಿದ ಪ್ರತಿ ಜೊತೆಯನ್ನೂ ಅವಳು ಮೊದಲು ತನ್ನ ಕೆನ್ನೆಗೆ, ಆಮೇಲೆ ಕಣ್ಣಿನ ರೆಪ್ಪೆಗೆ ಉಜ್ಜಿ ನೋಡುತ್ತಿದ್ದಳು. ಚುಚ್ಚಿದರೆ ಅವನಿಗೆ ಕೊಡುತ್ತಿರಲಿಲ್ಲ. ರಾತ್ರಿ ಊಟಕ್ಕೆ ಮುಂಚೆ ದಿನವೂ ಗವಸು ಕಳಚಿಸಿ ಒಂದೊಂದು ಗೆಣ್ಣನ್ನೂ ದೀಪದ ಹತ್ತಿರ ಹಿಡಿದು ಪರೀಕ್ಷೆ ಮಾಡುವಳು. ಕರಿಬಸಮ್ಮ ಅದನ್ನೆಲ್ಲ ನೋಡುತ್ತ ಕೂತಿರುತ್ತಿದ್ದಳು. ಒಳ್ಳೆಯದು ಕೆಟ್ಟದ್ದು ಏನೂ ಅನ್ನುತ್ತಿರಲಿಲ್ಲ. ಆ ಒಂದು ಮಾತನ್ನು ಅತ್ತೆ ಎಂದಾದರೂ ಹಿಂದಕ್ಕೆ ತೆಗೆದುಕೊಂಡಾಳು ಎಂದು ದಾಕ್ಷಾಯಣಮ್ಮ ಕಾದಳು. ಕಾಯುವುದು ಅಭ್ಯಾಸವಾಯಿತು.

ಎಪ್ಪತ್ತಾರರಿಂದ ಎಪ್ಪತ್ತೊಂಬತ್ತರವರೆಗೆ ಒಳ್ಳೆಯ ವರ್ಷಗಳೇ. ಹೊಸ ಜೊತೆ ಮುಗಿದಾಗ ಸೋಮಶೇಖರಪ್ಪ ಪ್ರೂಫ್ ತಿದ್ದುವವನ ಹಾಗೆ ಕನ್ನಡಕ ಹಾಕಿಕೊಂಡು ಸಾಲು ಸಾಲೂ ನೋಡುವನು.

"ಇಲ್ಲಿ ನೋಡು, ಹದಿಮೂರನೇ ಸಾಲಲ್ಲಿ ಒಂದಕ್ಷರ ತಲೆಕೆಳಗಾಗಿ ಕೂತಿದೆ."

"ಎಲ್ಲಿ? ಹೌದಲ್ರೀ. ಬಿಚ್ಚಲಾ?"

"ಬೇಡ ಬಿಡು. ಅಷ್ಟು ತಪ್ಪು ಇರಲಿ. ಇಲ್ದಿದ್ರೆ ಮೆಷಿನ್ನಲ್ಲಿ ಮಾಡಿದ್ದು ಅಂದ್ಕೋತಾರೆ ಜನ."

ಎಂಬತ್ತರಲ್ಲಿ ಕಾಯಿಲೆ ಮುಖಕ್ಕೆ ಬಂತು. ಮೂಗಿನ ಎರಡೂ ಕಡೆ ಚರ್ಮ ಬಿಗಿದು ಹೊಳೆಯತೊಡಗಿತು. ಬಾಯಿ ಸಣ್ಣದಾಯಿತು; ನಗುವುದಕ್ಕೂ ತುತ್ತಿಡುವುದಕ್ಕೂ ಜಾಗ ಸಾಲದು. ಬೆರಳುಗಳು ಒಳಕ್ಕೆ ಬಾಗಿ ನಿಂತವು. ಮೊಳೆ ಹೆಕ್ಕಲು ಆಗದೆ ಅವನು ಪ್ರೆಸ್ಸಿನಲ್ಲಿ ಪ್ರೂಫ್ ನೋಡತೊಡಗಿದ. ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಹಿಡಿದುಕೊಳ್ಳುತ್ತಿದ್ದ. ಆಮೇಲೆ ಮೆಟ್ಟಿಲು ಹತ್ತಿದರೆ ಉಬ್ಬಸ ಬರಲು ಶುರುವಾಗಿ, ಮನೆಯಲ್ಲೇ ಉಳಿದ.

ಎಂಬತ್ತೊಂದರ ಬೇಸಿಗೆಯಲ್ಲಿ ದಾಕ್ಷಾಯಣಮ್ಮ ಒಂದು ಜೊತೆ ಶುರುಮಾಡಿದಳು. ಅಷ್ಟು ವರ್ಷ ಕಲಿತದ್ದನ್ನೆಲ್ಲ ಅದಕ್ಕೆ ಹಾಕಿದಳು. ಬಿಳಿ ಮರಿಯ ಉಣ್ಣೆ ಒಂದೆಳೆ, ಕಂದು ಮರಿಯದು ಒಂದೆಳೆ ಸೇರಿಸಿ ಹುರಿಗೊಳಿಸಿದ ನೂಲು. ಎಲ್ಲೂ ದಪ್ಪಗಿಲ್ಲ, ಎಲ್ಲೂ ತೆಳ್ಳಗಿಲ್ಲ. ಹೆಬ್ಬೆರಳಿನ ಬುಡದಲ್ಲಿ ಸಾಲಿಗೆ ಎರಡೆರಡು ಕುಣಿಕೆ ಹೆಚ್ಚಿಸುತ್ತ ಹೋಗಿ, ನಿಜವಾದ ಕೈಯ ಉಬ್ಬಿಗೆ ಸರಿಯಾಗಿ ಕೂರುವಂತೆ ಮಾಡಿದಳು. ಸೀತಾದೇವಮ್ಮ ಅದನ್ನು ಕೈಗೆ ತೆಗೆದುಕೊಂಡು ಒಳಗು ಹೊರಗು ತಿರುಗಿಸಿ, "ನನಗೆ ಇಷ್ಟು ಬರಲ್ಲಮ್ಮ" ಎಂದರು. ಅವಳ ಬದುಕಿನಲ್ಲಿ ಯಾರೂ ಅಂಥ ಮಾತು ಹೇಳಿರಲಿಲ್ಲ. ಬೀದಿಯುದ್ದಕ್ಕೂ ಅದನ್ನೇ ನೆನೆಯುತ್ತ ಮನೆಗೆ ಬಂದಳು.

ಆದರೆ ಅವಳು ಅಳತೆ ತೆಗೆದದ್ದು ಚೈತ್ರದಲ್ಲಿ. ಈಗ ಕಾರ್ತಿಕ.

ಗವಸಿನೊಳಗೆ ಕೈ ಮಣಿಕಟ್ಟಿನವರೆಗೂ ಹೋಗಲಿಲ್ಲ. ಅಂಗೈಗೆ ಅಂಟಿಕೊಂಡಿದ್ದ ಹೆಬ್ಬೆರಳು ತನ್ನ ಜಾಗದಲ್ಲಿ ತೂರಲಿಲ್ಲ. ಅವಳು ಮೆಲ್ಲಗೆ ಬಿಡಿಸಲು ನೋಡಿದಳು. ಅವನ ಮುಖ ನೋವಿಗೆ ಹಿಂಡಿಕೊಂಡಿತು.

"ಇನ್ನೊಂದ್ಸಲ ನೋಡು," ಎಂದ. "ಬಿಸಿನೀರಲ್ಲಿ ಅದ್ದಿ ನೋಡೋಣ."

ಬಿಸಿನೀರಲ್ಲಿ ಅದ್ದಿ ನೋಡಿದರು. ಎಣ್ಣೆ ಹಚ್ಚಿ ನೋಡಿದರು. ಮೂರನೆಯ ಸಲ ಅವಳೇ ಸಾಕು ಎಂದಳು. ಗವಸನ್ನು ಮಡಿಲಲ್ಲಿಟ್ಟುಕೊಂಡು ಎಳೆಯ ಕೊನೆ ಹುಡುಕತೊಡಗಿದಳು.

"ಬಿಚ್ಚಬೇಡ್ವೇ. ಇಷ್ಟು ಚಂದ ಮಾಡಿದೀಯ. ಸುಮ್ನೆ ಇಟ್ಕೋ."

"ಇಟ್ಕೊಂಡು ಏನ್ ಮಾಡ್ಲಿ? ನಿಮ್ಮ ಕೈ ತಣ್ಣಗಿದೆಯಲ್ಲ."

ಅವನ ಕಣ್ಣೆದುರಿಗೇ ಬಿಚ್ಚಿದಳು. ಆರು ತಿಂಗಳ ಕೆಲಸ ಬಿಚ್ಚುವುದಕ್ಕೆ ಹಿಡಿದದ್ದು ಅರ್ಧ ಗಂಟೆ. ಅದೇ ನೂಲಿನಲ್ಲಿ, ಅದೇ ಮಧ್ಯಾಹ್ನ, ಹೆಬ್ಬೆರಳೂ ಇಲ್ಲದ, ಏರಿಕೆ ಇಳಿಕೆ ಇಲ್ಲದ ಎರಡು ಅಗಲವಾದ ಕೊಳವೆಗಳನ್ನು ಹೆಣೆದಳು. ನಾಲ್ಕು ಕಡ್ಡಿ ಹಿಡಿದ ಮೊದಲ ವಾರದಲ್ಲಿ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಮುಚ್ಚಿದ ಮುಷ್ಟಿಗಳ ಮೇಲೆ ಅವು ಸಲೀಸಾಗಿ ಕೂತವು. "ಬೆಚ್ಚಗಿದೆ," ಎಂದ ಅವನು. ಅವಳು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು.

ದಿನವೂ ಪೂಜೆಗೆ ಕೂತಾಗ ಲಿಂಗ ಇಡಲು ಅವನ ಅಂಗೈ ತೆರೆಯುತ್ತಿರಲಿಲ್ಲ. ಅವಳು ಅವನ ಎದುರು ಕೂತು, ಅವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಕೆಳಗಿನಿಂದ ಹಿಡಿದು, ಬಾಗಿದ ಬೆರಳುಗಳ ನಡುವೆ ಲಿಂಗ ನಿಲ್ಲುವಂತೆ ಮಾಡುತ್ತಿದ್ದಳು. ಅವನು ಕಣ್ಣು ಮುಚ್ಚಿರುವಷ್ಟು ಹೊತ್ತೂ ಅವಳು ಕದಲುತ್ತಿರಲಿಲ್ಲ.

ಎಂಬತ್ತಮೂರರ ಜನವರಿಯಲ್ಲಿ, ಬೆಳಿಗ್ಗೆ ಗಂಜಿ ಕುಡಿಸುವ ಹೊತ್ತಿನಲ್ಲಿ, ಉಸಿರು ನಿಂತಿತು. ಅವನಿಗೆ ನಲವತ್ತೊಂದು. ದೇಹವನ್ನು ಕೂರಿಸಿ ವಿಭೂತಿ ಹಚ್ಚುವಾಗ ಅಯ್ಯನವರು, "ಕೈಗವಸು ತೆಗೀಬೇಕಲ್ಲಮ್ಮ" ಎಂದರು. ಅವಳು ತೆಗೆದಳು. ಒಳಗೆ ಒಂದು ಹುಣ್ಣೂ ಇರಲಿಲ್ಲ. ಅದನ್ನು ಅತ್ತೆಗೆ ತೋರಿಸಬೇಕೆಂದು ಒಂದು ಗಳಿಗೆ ಮನಸ್ಸಾಯಿತು. ಕರಿಬಸಮ್ಮ ಮಗನ ಪಾದಗಳ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದಳು.

ಆಮೇಲೆ ಮನೆಯಲ್ಲಿ ಇಬ್ಬರೇ. ಕೃಷ್ಣಸ್ವಾಮಿಯವರು ಪ್ರೆಸ್ಸಿನಲ್ಲಿ ಕಾಗದ ಮಡಿಚುವ, ರಸೀತಿ ಪುಸ್ತಕ ಹೊಲಿಯುವ ಕೆಲಸ ಕೊಟ್ಟರು. ದಾಕ್ಷಾಯಣಮ್ಮ ಕಡ್ಡಿ ಮುಟ್ಟಲಿಲ್ಲ, ಅಜ್ಜಂಪುರಕ್ಕೆ ಹೋಗಲಿಲ್ಲ. ಎಂಬತ್ತಾರರಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕಲು ತಾಲ್ಲೂಕು ಕಚೇರಿಯವರು ಹಳೆಯ ಕಾಗದಗಳನ್ನೆಲ್ಲ ಕೇಳಿದ್ದರಿಂದ ಟ್ರಂಕು ತೆಗೆದಳು. ಶಿವಮೊಗ್ಗದ ಆಸ್ಪತ್ರೆಯ ಕಾಗದ ಕೈಗೆ ಬಂತು. ಈಗ ಏನಿದ್ದರೇನು ಎನ್ನಿಸಿತೋ, ಇನ್ನು ತಡೆಯಲಾರೆ ಎನ್ನಿಸಿತೋ, ಅಣ್ಣನ ಮನೆಗೆಂದು ಹಿರೇನಲ್ಲೂರಿಗೆ ಹೊರಟವಳು ಕಡೂರಿನಲ್ಲಿ ಬಸ್ಸಿಳಿದು, ಅಲ್ಲಿ ಹೊಸದಾಗಿ ಕ್ಲಿನಿಕ್ಕು ತೆರೆದಿದ್ದ ಲೇಡಿ ಡಾಕ್ಟರು ಶಾರದಾಂಬಾ ಅವರ ಮುಂದೆ ಅದನ್ನಿಟ್ಟಳು.

ಡಾಕ್ಟರು ಎರಡು ಸಲ ಓದಿದರು. "ಇವರಿಗೆ ಆಸ್ಪತ್ರೆಗೆ ಬರೋಕೆ ಒಂದು ವರ್ಷ ಮೊದಲಿಂದ್ಲೇ ಬೆರಳ ತುದಿಗಳಲ್ಲಿ ಹುಣ್ಣು ಆಗ್ತಿತ್ತು ಅಂತಿದೆ. ನಿಮಗೆ ಹೇಳಿರಲಿಲ್ವೆ?"

"ಹಿತ್ತಾಳೆ ಪಟ್ಟಿ ತಾಗ್ತು ಅನ್ನೋರು."

"ಮುಚ್ಚಿಟ್ಟಿದಾರೆ. ಕಾಯಿಲೆಯಿಂದ್ಲೇ ಆದ ಹುಣ್ಣಮ್ಮ ಇದು. ಬೇರೆ ಯಾವುದರಿಂದ್ಲೂ ಅಲ್ಲ. ಕೊನೇಲಿ ಸಲಹೆ ಬರೆದಿದಾರೆ, ಯಾವಾಗ್ಲೂ ಉಣ್ಣೆ ಗ್ಲೌಸು ಹಾಕಿ ಕೈ ಬೆಚ್ಚಗಿಡಬೇಕು ಅಂತ."

ಆಸ್ಪತ್ರೆಯಿಂದ ಬಂದ ಮೇಲೆ ಅವನು ಹೇಳಿದ್ದೆಲ್ಲ ನಿಜ. ಒಂದೊಂದು ಮಾತೂ ನಿಜ. ಸುಳ್ಳು ಹೇಳಬೇಡಿ ಎಂದು ತಾನು ಅವನ ಬಾಯಿ ಮುಚ್ಚಿಸಿದ್ದಳು. ಆಮೇಲೆ ಏಳು ವರ್ಷ ಅವನು ಆ ಮಾತೆತ್ತಲಿಲ್ಲ. ಕ್ಲಿನಿಕ್ಕಿನ ಮೆಟ್ಟಿಲಿಳಿದು ಬಂದವಳು ಹಿರೇನಲ್ಲೂರಿನ ಬಸ್ಸು ಹತ್ತದೆ ತರೀಕೆರೆಗೇ ಹಿಂತಿರುಗಿದಳು.

ಕರಿಬಸಮ್ಮ ಆಗ ಎಪ್ಪತ್ತು ದಾಟಿದ್ದಳು. ಕಣ್ಣು ಮಂಜು. ಸೊಸೆ ಅವಳ ಎದುರಿಗೆ ಕೂತು ಕಾಗದದಲ್ಲಿದ್ದದ್ದನ್ನೆಲ್ಲ ಹೇಳಿ, "ಬೆರಳು ಹೋಗಿದ್ದು ನನ್ನ ಗವಸಿಂದಲ್ಲ ಅತ್ತೆ" ಎಂದಳು.

"ನಿನ್ನ ಗವಸಿಂದ ಅಂತ ಯಾರಂದ್ರು?"

"ನೀವು ಅಂದ್ರಿ. ಆಸ್ಪತ್ರೆಯಿಂದ ಬಂದ ದಿನ. ಹೊಸಿಲ ಮೇಲೆ ಕೂತ್ಕೊಂಡು."

ಮುದುಕಿ ಬಹಳ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದಳು. ಮುಖದಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ.

"ನಾನು ಹಂಗಂದಿದ್ನಾ? ಇಲ್ವಲ್ಲೇ. ನೀನು ನನ್ನ ಮಗನ್ನ ಕಣ್ಣಲ್ಲಿಟ್ಟು ನೋಡ್ಕೊಂಡವಳು. ನಾನ್ಯಾಕೆ ಹಂಗನ್ಲಿ?"

ಹನ್ನೊಂದು ವರ್ಷ ಹೊತ್ತುಕೊಂಡು ತಿರುಗಿದ ಮಾತು. ಆಡಿದವಳಿಗೆ ಅದು ನೆನಪಿನಲ್ಲೇ ಇಲ್ಲ. ದಾಕ್ಷಾಯಣಮ್ಮನಿಗೆ ಸಿಟ್ಟು ಬರಲಿಲ್ಲ. ತೀರಾ ಸುಸ್ತಾಯಿತು. "ಇರಲಿ ಬಿಡಿ ಅತ್ತೆ, ನಾನೇ ಏನೋ ತಪ್ಪು ಕೇಳಿಸ್ಕೊಂಡೆ," ಎಂದು ಎದ್ದು ಮುದ್ದೆಗೆ ಎಸರಿಟ್ಟಳು.

ಮುಂದಿನ ವಾರ ಪ್ರೆಸ್ಸಿಗೆ ರಜೆ ಹೇಳಿ ಅಜ್ಜಂಪುರಕ್ಕೆ ಹೋದಳು. ದುರ್ಗಮ್ಮನನ್ನು ನೋಡಿ ನಾಲ್ಕು ವರ್ಷವಾಗಿತ್ತು. ಅದೇ ಜಗಲಿ, ಆದರೆ ಬೆನ್ನು ಪೂರಾ ಬಾಗಿತ್ತು. ಸೋಮಶೇಖರಪ್ಪ ಹೋದ ಸುದ್ದಿ ಅವಳಿಗೆ ಗೊತ್ತಿತ್ತು. "ಕೂತ್ಕೊ ಅವ್ವ," ಎಂದು ಜಾಗ ಮಾಡಿಕೊಟ್ಟು, ಮುಖವೆತ್ತದೆ ನೂಲತೊಡಗಿದಳು.

ಯಾರಿಗಾದರೂ ಹೇಳಿಕೊಳ್ಳಬೇಕಿತ್ತು, ಹೇಳಿದಳು. ಡಾಕ್ಟರು ಓದಿದ್ದು, ಒಂದು ವರ್ಷ ಮೊದಲೇ ಹುಣ್ಣಿದ್ದದ್ದು, ಅವನು ಮುಚ್ಚಿಟ್ಟದ್ದು. "ಗವಸಿಂದ ಆಗಿದ್ದಲ್ಲವಂತೆ ದುರ್ಗಮ್ಮ."

ಎಳೆ ತುಂಡಾಯಿತು. ದುರ್ಗಮ್ಮ ಅದನ್ನು ಕೂಡಿಸಲಿಲ್ಲ.

"ನೂಲಿಂದಲೂ ಅಲ್ವಾ?"

"ಅಲ್ಲ."

"ಆ ಮೊದಲ್ನೇ ಉಂಡೆ ನಾನು ಕೊಟ್ಟಿದ್ದು ಕಣವ್ವ. ಮುದಿ ಕುರಿ ಉಣ್ಣೆ. ಮೆತ್ತಗಿದ್ದದ್ದು ಮನ್ಯಾಗಿತ್ತು, ಅದಕ್ಕೆ ಹೆಚ್ಚು ಕೊಡೋರು ಬತ್ತಾರೆ ಅಂತ ಇಟ್ಕೊಂಡಿದ್ದೆ. ನೀನು ಬಂದು ಬೆರಳು ಹೋಯ್ತು ಅಂದೆಯಲ್ಲ, ಅವತ್ತಿಂದ ನಂಗೆ ತುತ್ತು ಸರಿಯಾಗಿ ಇಳಿದಿಲ್ಲ. ಮನೇಲಿ ಯಾರತ್ರಾನೂ ಅಂದಿಲ್ಲ."

ಏಳು ವರ್ಷ ದುಡ್ಡು ಮುಟ್ಟದೆ ಕತ್ತಿನ ಉಣ್ಣೆ, ಹೆಗಲ ಉಣ್ಣೆ ಆರಿಸಿಟ್ಟು ಕೊಡುತ್ತಿದ್ದದ್ದು ವಿಶ್ವಾಸಕ್ಕೆ ಎಂದೇ ದಾಕ್ಷಾಯಣಮ್ಮ ತಿಳಿದಿದ್ದಳು. ಈ ಮುದುಕಿಯೂ ತನ್ನಂತೆಯೇ ಅದನ್ನು ಎದೆಯಲ್ಲಿಟ್ಟುಕೊಂಡು ರಾಟೆ ತಿರುಗಿಸುತ್ತಿದ್ದಳೆಂದು, ಪಕ್ಕದಲ್ಲೇ ಕೂತು ನೂತರೂ, ತಿಳಿದಿರಲಿಲ್ಲ. ಅವಳು ದುರ್ಗಮ್ಮನ ಕೈ ಹಿಡಿದುಕೊಂಡಳು.

ಬಸ್ಸಿನ ಹೊತ್ತಾಗುವವರೆಗೂ ಹಾಗೇ ಕೂತಿದ್ದರು. ಏಳುವಾಗ ದುರ್ಗಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಆ ಡಾಕ್ಟ್ರಮ್ಮ ಏನಂದ್ರು, ಇನ್ನೊಂದು ಕಿತ ಹೇಳವ್ವ," ಎಂದಳು.

ದಾಕ್ಷಾಯಣಮ್ಮ ಮತ್ತೆ ಕೂತು, ಮೊದಲಿನಿಂದ ಹೇಳತೊಡಗಿದಳು.